ಬರಿಗೈಲಿ ಆಡಿದ ಗಾಲ್ಫ್

ಮೂವತ್ತರ ದಶಕದಲ್ಲಿ ಶಿವನಸಮುದ್ರದ ಹತ್ತಿರ, ಬ್ಲಫ್ ಎಂಬ ಜಾಗದ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದೆ. ಆ ವರ್ಷಗಳನ್ನು ನೆನೆದರೆ ಮೊದಲು ಕಾಣುವುದು ಒಂದು ಕಾಲುವೆ. ಯಂತ್ರಗಳಿಗೆ ನೀರು ಒಯ್ಯುವ, ಅವಸರವೇ ಇಲ್ಲದ ಕಾಲುವೆ. ಅದರ ಈಚೆ ದಡದ ಬಯಲಲ್ಲಿ ನಾವು ಗಾಲ್ಫ್ ಆಡುತ್ತಿದ್ದೆವು. ಆರು ಗುಂಡಿ, ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳು. ಆರನೆಯ ಗುಂಡಿ ಮಾತ್ರ ಆಚೆ ದಡದಲ್ಲಿ. ನನ್ನ ಚೆಂಡು ಒಮ್ಮೆಯೂ ಕಾಲುವೆ ದಾಟಿರಲಿಲ್ಲ.

ನನ್ನ ಜೊತೆ ಆಡುತ್ತಿದ್ದವರು ನಮ್ಮ ದೊಡ್ಡ ಇಂಜಿನಿಯರು, ನಿವೃತ್ತಿಯ ಅಂಚಿನಲ್ಲಿದ್ದವರು; ನಮಗೆಲ್ಲ ಅವರು ಬರೀ 'ದೊಡ್ಡವರು'. ಆಟ ಕಲಿಸಿದವರೂ ಅವರೇ. ಕುತ್ತಿಗೆಗೆ ದಾರ ಸುತ್ತಿದ ಹಳೆಯ ಮರದ ಕೋಲನ್ನು ಅವರು ಮೆಲ್ಲಗೆ ಬೀಸಿದರೆ ಚೆಂಡು ಆಚೆ ದಡದಲ್ಲಿ ಕೂತಿರುತ್ತಿತ್ತು. ನಾನು ನನ್ನ ಕೋಲನ್ನು ಬೈದರೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅವರು ಊರು ಬಿಡುವುದರೊಳಗೆ, ಅವರ ಕಣ್ಣೆದುರಿಗೇ ಒಂದು ಸಲ ದಾಟಿಸಬೇಕು. ಬೇರೇನೂ ಬೇಡವಾಗಿತ್ತು.

ಆಗಷ್ಟೇ ಉಕ್ಕಿನ ದಂಡದ ಕೋಲುಗಳು ಬಂದಿದ್ದವು. ಮದರಾಸಿಗೆ ಬರೆದು ಎರಡು ತರಿಸಿದೆ: ದೂರ ಹೊಡೆಯಲು ಡ್ರೈವರ್, ನೆಲದಿಂದ ಎತ್ತಿ ಹೊಡೆಯಲು ಬ್ರಾಸಿ. ಪಾರ್ಸಲು ಮದ್ದೂರಿನಲ್ಲಿ ರೈಲಿಳಿದು, ಬಸ್ಸಿನಲ್ಲಿ ಮಳವಳ್ಳಿಗೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬಂದು ತಲುಪಿದ್ದು ಆಯುಧಪೂಜೆಯ ಬೆಳಿಗ್ಗೆ. ಮರುದಿನ ವಿಜಯದಶಮಿ, ಒಳ್ಳೆಯ ದಿನವೆಂದು ದೊಡ್ಡವರು ಊರು ಬಿಟ್ಟು ಹೊರಡುವವರಿದ್ದರು. ಉಳಿದದ್ದು ಅದೊಂದೇ ಸಂಜೆ.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ಪಾರ್ಸಲು ಬಿಚ್ಚಿದ್ದಳು. ಕುಡುಗೋಲು, ಈಳಿಗೆಮಣೆ, ನನ್ನ ಸ್ಪ್ಯಾನರುಗಳ ಪಕ್ಕ ಎರಡೂ ಹೊಸ ಕೋಲು, ಜೊತೆಗೆ ನನ್ನ ಹಳೆಯದೂ, ಕುಂಕುಮ ಇಟ್ಟುಕೊಂಡು ಮಲಗಿದ್ದವು.

"ಅವ್ವಾ, ಸಂಜೆಗೆ ಬೇಕು ಕಣವ್ವ."

"ಪೂಜೆಗಿಟ್ಟ ಆಯುಧ ನಾಳೆಗಂಟ ಮುಟ್ಟಂಗಿಲ್ಲ ಕಣ್ಲಾ. ಅವ್ಕೂ ಒಂದಿನ ಸುಮ್ನಿರಾಕೆ ಬುಡು."

ಇದು ಆಯುಧವಲ್ಲ, ಆಟದ ಕೋಲು ಎಂದೆ.

"ಒಡ್ಯಾಕೆ ತಾನೆ ತರ್ಸಿರಾದು?" ಎಂದಳು.

ಸಂಜೆ ಮುಖ ಊದಿಸಿಕೊಂಡು ಬಯಲಿಗೆ ಹೋದರೆ ದೊಡ್ಡವರೂ ಬರಿಗೈಲಿ ನಿಂತಿದ್ದಾರೆ. ಅವರ ಮನೆಯಲ್ಲೂ ಕೋಲು ದೇವರ ಮುಂದೆ. "ಬನ್ನಿ, ಹಾಗೇ ಆಡೋಣ," ಎಂದರು.

ಆಡಿದೆವು. ಇಲ್ಲದ ಕೋಲು ಹಿಡಿದು, ಇಲ್ಲದ ಚೆಂಡು ಹೊಡೆದು, ಅದು ಬಿದ್ದಲ್ಲಿಗೆ ನಡೆದೆವು. ಜಲಪಾತದ ಕಡೆಯಿಂದ ತೇವದ ಗಾಳಿ, ಕೆಳಗಿನಿಂದ ಯಂತ್ರಗಳ ಗುಂಯ್ ಸದ್ದು. ಸ್ವಲ್ಪ ಹೊತ್ತಿಗೆ ನನಗೆ ಚೆಂಡು ನಿಜಕ್ಕೂ ಕಾಣತೊಡಗಿತು. ಒಂದು ಲಂಟಾನದ ಪೊದೆಗೆ ಹೋಯಿತೆಂದು ಇಬ್ಬರೂ ಬಗ್ಗಿ ಹುಡುಕಿದೆವು. ಇಬ್ಬರೂ ನಗಲಿಲ್ಲ.

ಆರನೆಯ ಗುಂಡಿಯ ಸರದಿ ಬಂತು. ಉಕ್ಕಿನ ಕೋಲನ್ನೇ ಮನಸ್ಸಿನಲ್ಲಿ ಹಿಡಿದು, ಇದ್ದಬದ್ದ ಶಕ್ತಿ ಹಾಕಿ ಬೀಸಿದೆ. ದೊಡ್ಡವರು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ನೀರಿಗೆ ಬಿತ್ತು ಕಣ್ರೀ," ಎಂದರು.

ಇಲ್ಲದ ಚೆಂಡನ್ನೂ ದಾಟಿಸಿಕೊಡದ ಮನುಷ್ಯ! ರೇಗಿಹೋಯಿತು. "ಸುಳ್ಳಾದರೂ ಹೇಳಬಾರದೆ?" ಎಂದೇಬಿಟ್ಟೆ.

"ನಿಜವಾಗಿ ದಾಟಿದ ದಿನ ನಾನು ಹೇಳಿದರೆ ನೀವು ನಂಬಬೇಕಲ್ಲ," ಎಂದರು.

ಬೆಳಿಗ್ಗೆ ಅವರ ಮೋಟಾರು ಮದ್ದೂರಿನ ಕಡೆ ಹೊರಟಿತು. ಅದು ಹೋಗಿ ಸ್ವಲ್ಪ ಹೊತ್ತಾದ ಮೇಲೆ ಅವ್ವ ಹೊಸ ಕೋಲು ಎತ್ತಿಕೊಟ್ಟಳು. ಕುಂಕುಮ ಒರೆಸದೆ ಬಯಲಿಗೆ ಹೋದೆ. ಸಿಟ್ಟೆಲ್ಲ ಇಳಿದುಹೋಗಿತ್ತು. ಅವರ ಹಾಗೆ ಮೆಲ್ಲಗೆ ಬೀಸಿದೆ. ಚೆಂಡು ಕಾಲುವೆಯ ಮೇಲೆ ಹೋಗಿ ಆಚೆಯ ಹುಲ್ಲಿನಲ್ಲಿ ಬಿತ್ತು. ಸೇತುವೆ ಸುತ್ತಿಕೊಂಡು ಹೋಗಿ ಕೈಗೆತ್ತಿಕೊಂಡೆ. ಒಂದು ಹನಿ ನೀರು ಸೋಕಿರಲಿಲ್ಲ. ಆದರೂ ಅದು ದಾಟಿತೆಂದು ನನಗೆ ಇವತ್ತಿಗೂ ಪೂರ್ತಿ ನಂಬಿಕೆಯಿಲ್ಲ. ಹೇಳಬೇಕಾಗಿದ್ದವರು ಅಷ್ಟರಲ್ಲಿ ಮಳವಳ್ಳಿ ದಾಟಿದ್ದರು.