ತೋರುಬೆರಳು ಮತ್ತು ಸೋರೆಪೀಚು

ತಪ್ಪೊಪ್ಪಿಗೆಯೊಂದನ್ನು ಈ ಮೂಲಕ ದಾಖಲಿಸುತ್ತಿದ್ದೇನೆ: ಆರನೇ ವಯಸ್ಸಿನಲ್ಲಿ ನಾನು ಒಂದು ಸೋರೆಪೀಚನ್ನು ಕೊಂದೆ. ಆಯುಧ, ಬಲಗೈ ತೋರುಬೆರಳು. ಇವತ್ತು ಪಕ್ಕದ ಮನೆಯ ಬಾಲ್ಕನಿ ಕುಂಡದಲ್ಲಿ ಅಂಥದೇ ಪೀಚು ಕಂಡು ನೆನಪಾಯಿತು.

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಬಚ್ಚಲ ನೀರು ಸೋರುವ ಮೊಳದಗಲ ಜಾಗದಲ್ಲಿ ಚಿಕ್ಕಮ್ಮ ಸೋರೆ ಹಾಕಿದ್ದರು. ಬೀಜ ತವರು ಮಾಂಬಳ್ಳಿಯದು. ಅವರಿಗೆ ಎರಡು ಬಸಿರೂ ನಿಂತಿರಲಿಲ್ಲ. ಪೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ, ಮಡಚಿದ ಬೆರಳಲ್ಲೇ ತೋರಿಸಬೇಕು ಎಂಬುದು ಮನೆಯ ಕಾನೂನು. ಯಾರೂ ನೋಡದಾಗ ನಾನು ನೆಟ್ಟಗೆ ತೋರಿಸಿದೆ. ಮೂರನೇ ದಿನ ಅದು ಹಳದಿಯಾಗಿ ಉದುರಿತು.

ಅಜ್ಜಿ ಚಿಕ್ಕಮ್ಮನತ್ತ ತಿರುಗಿ, “ನೀ ಕೈಯಿಟ್ಟದ್ದು ಯಾವುದ್ ನಿಂತದಮ್ಮೀ?” ಅಂದರು.

“ಇರ್ಲಿ ಬುಡಿ ಅತ್ತೆ, ಬಳ್ಳಿ ಇನ್ನೂ ಅದೆ,” ಎಂದು ಚಿಕ್ಕಮ್ಮ ಬುಡಕ್ಕೆ ನೀರು ಬಗ್ಗಿಸಿದರು. ನಾನು ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ನಿಂತೆ.

ಮುಂದೆ ಸಸ್ಯಶಾಸ್ತ್ರದ ಮೇಷ್ಟ್ರಾದೆ. ಪರಾಗ ಸೇರದ ಪೀಚು ತಾನಾಗಿ ಉದುರುತ್ತದೆ, ತಪ್ಪು ಬೆರಳಿನದೂ ಅಲ್ಲ, ನೆಟ್ಟ ಕೈಯದೂ ಅಲ್ಲ ಎಂದು ಹನೂರಿನಿಂದ ಯಳಂದೂರಿನವರೆಗೆ ಭಾಷಣ ಬಿಗಿದೆ. ಕೇಳದವರು ಯಾರೂ ಉಳಿದಿಲ್ಲ ಎಂದು ಹೆಮ್ಮೆ. ಚಿಕ್ಕಮ್ಮನಿಗೆ ಮಾತ್ರ, ಅವರು ತೀರಿಕೊಳ್ಳುವವರೆಗೂ ಹೇಳಲಿಲ್ಲ. ಹೇಳಿದ್ದರೆ, ಬೆರಳು ಯಾರದು ಎಂದು ಕೇಳುತ್ತಿದ್ದರು.