ಎಡಗಡೆ ಸೀಟಿನ ಬ್ರೇಕು

ಇದು ನಡೆದದ್ದು. ನನ್ನ ಕಾರಿನಲ್ಲಿ, ನಾನು ಪೂರ್ತಿ ಎಚ್ಚರವಾಗಿದ್ದಾಗಲೇ ನಡೆದದ್ದು. ಯಾರನ್ನೂ ನಂಬಿಸುವ ಹಂಬಲ ನನಗಿಲ್ಲ. ಅಂದು ಪಕ್ಕದಲ್ಲೇ ಕೂತು ಎಲ್ಲವನ್ನೂ ಕಂಡ ಮನುಷ್ಯ, ಮರುದಿನ ಬೆಳಿಗ್ಗೆ ಏನೂ ಆಗೇ ಇಲ್ಲ ಎಂದುಬಿಟ್ಟ. ಆ ಸಿಟ್ಟಿಗೆ ಬರೆಯುತ್ತಿದ್ದೇನೆ.

ನಾನು ವಿಜಯಪುರದವಳು. ಬ್ಯಾಂಕಿನ ವರ್ಗಾವಣೆಯ ಮೇಲೆ ನಾಶಿಕಕ್ಕೆ ಬಂದು ಮೂರು ವರ್ಷವಾಯಿತು. ಹೋದ ವರ್ಷ ಒಂದು ಹಳೆಯ ಬಿಳಿ ಕಾರು ಕೊಂಡೆ. ಕೆಲವು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಶುರುವಾಯಿತು... ಕತ್ತಲಾದ ಮೇಲೆ, ಖಾಲಿ ರಸ್ತೆಯಲ್ಲಿ, ನನ್ನ ಕಾಲು ಆಕ್ಸಿಲರೇಟರ್ ಮೇಲಿರುವಾಗಲೇ ಕಾರು ತಾನಾಗಿ ಬ್ರೇಕ್ ಹಿಡಿಯುತ್ತಿತ್ತು.

ಮೂರು ಗ್ಯಾರೇಜು ತಿರುಗಿದೆ. ಪ್ಯಾಡು, ಆಯಿಲು, ಬೂಸ್ಟರ್ ಎಲ್ಲ ಬದಲಾದವು. ಬ್ರೇಕ್ ಹಿಡಿಯುವುದು ನಿಲ್ಲಲಿಲ್ಲ.

ನಾಶಿಕ ಮತ್ತು ಸಂಭಾಜಿನಗರದ ಕನ್ನಡದವರದೊಂದು ಕಾರುಪ್ರಿಯರ ವಾಟ್ಸಾಪ್ ಗುಂಪಿದೆ. ಅಲ್ಲಿ ಕೇಳಿದೆ. ಉತ್ತರಗಳ ಸುರಿಮಳೆಯಾಯಿತು, ಎಲ್ಲದರ ಸಾರ ಒಂದೇ: ದೋಷ ಕಾರಿನದಲ್ಲ, ಓಡಿಸುವ ಹೆಂಗಸಿನದು. ಒಬ್ಬ "ಹೀಲ್ಸ್ ಹಾಕ್ಕೊಂಡು ಓಡಸ್ತೀರೇನ್ರಿ?" ಎಂದು ಕೇಳಿ, ಮುಂದೆ ಮೂರು ನಗುವ ಮುಖ ಅಂಟಿಸಿದ್ದ.

ಆ ಗುಂಪಿನ ಗುರು ದೇಸಾಯಿ. ಸಂಭಾಜಿನಗರದ ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವರ ತೀರ್ಪು ಬಂತು: "ಎಡಗಾಲು ಬ್ರೇಕಿನ ಮ್ಯಾಲ ಹೊಕ್ಕೈತ್ರಿ ನಿಮ್ದು. ನಿಮಗ ಗೊತ್ತಾಗವಲ್ದು, ಅಷ್ಟ."

ಹದಿನೈದು ವರ್ಷದಿಂದ ಕಾರು ಓಡಿಸುತ್ತಿದ್ದೇನೆ ನಾನು! "ಬಂದು ಪಕ್ಕಕ್ಕ ಕೂತು ನೋಡ್ರಿ" ಎಂದು ಸವಾಲು ಹಾಕಿದೆ.

ಡಿಸೆಂಬರಿನ ಒಂದು ಶನಿವಾರ ಆ ಯೋಗ ಕೂಡಿಬಂತು. ನಾನು ಕೆಲಸದ ಮೇಲೆ ಸಂಭಾಜಿನಗರಕ್ಕೆ ಹೋಗಿದ್ದೆ. ದೇಸಾಯರಿಗೆ ನಾಶಿಕದ ತಂಗಿಯ ಮನೆಗೆ ಬರಬೇಕಿತ್ತು. ಸಂಜೆ ಹೊರಟೆವು. ವೈಜಾಪುರ ದಾಟುವವರೆಗೂ ಅವರ ಪಾಠ ನಿಲ್ಲಲಿಲ್ಲ. "ಕ್ಲಚ್ ಮ್ಯಾಲಿನ ಕಾಲು ತಗೀರಿ." "ಗೇರ್ ಇಳಸ್ರಿ." ನಾನು ಹಲ್ಲು ಕಚ್ಚಿ ಓಡಿಸಿದೆ.

ಯೇವಲಾ ದಾಟಿದಾಗ ಪೂರ್ತಿ ಕತ್ತಲು. ನಿಫಾಡ್ ಕಡೆಗೆ ಬಂದಂತೆ ಎರಡೂ ಬದಿಗೆ ದ್ರಾಕ್ಷಿ ತೋಟ. ತೋಟಕ್ಕೆ ಹೊಡೆದ ಗಂಧಕದ ಘಾಟು ಬರುತ್ತಿತ್ತೆಂದು ಕಿಟಕಿ ಏರಿಸಿದೆ.

ಆಗ ಕಾರಿನೊಳಗೆ ಬೇರೊಂದು ವಾಸನೆ ಎದ್ದಿತು. ಸುಣ್ಣ ಹಚ್ಚಿ ತಿಕ್ಕಿದ ಹಸಿ ತಂಬಾಕು...

"ತಂಬಾಕು ತಿಂತೀರೇನ್ರಿ?"

"ಛೇ ಛೇ, ಇಲ್ರಿ."

ಖಟ್!

ಕಾರು ಮುಗ್ಗರಿಸಿತು. ಹಿಂದಿನ ಲಾರಿ ಹಾರ್ನ್ ಕಿರುಚುತ್ತ ಒಂದು ಗೇಣು ಅಂತರದಲ್ಲಿ ಪಕ್ಕಕ್ಕೆ ಸರಿದುಹೋಯಿತು. "ಮರಾಯಚಂಯ್ ಕಾ?" ಎಂದು ಅದರ ಡ್ರೈವರ್ ಕೂಗಿದ. ಸಾಯೋ ಮನಸ್ಸಿದೆಯಾ ಎಂದು.

"ನೋಡ್ರಿ! ಹೊಡದ್ರಲ್ಲ ಬ್ರೇಕು!" ದೇಸಾಯರು ಗೆದ್ದವರಂತೆ ಕೈ ತಟ್ಟಿದರು.

ನನ್ನ ಮೈ ಉರಿದುಹೋಯಿತು. "ಇಳೀರಿ ಕೆಳಗ. ನೀವ ಓಡಸ್ರಿ."

ಜಾಗ ಬದಲಾಯಿಸಿದೆವು. ಚಪ್ಪಲಿ ಬಿಚ್ಚಿ, ಎಡಗಡೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. "ನನ್ನ ಕಾಲು ಎಲ್ಲಿ ಅದಾವ ನೋಡ್ಕೋರಿ" ಎಂದೆ. ಅವರು ನಕ್ಕರು.

ನಾಲ್ಕು ಕಿಲೋಮೀಟರ್ ಹೋಗಿರಬಹುದು. ಮತ್ತೆ ಆ ತಂಬಾಕಿನ ವಾಸನೆ. ಈಗ ನನಗೆ ತೀರಾ ಹತ್ತಿರ...

ಖಟ್!

ಸದ್ದು ಬಂದದ್ದು ಅವರ ಕಡೆಯಿಂದಲ್ಲ. ನನ್ನ ಸೀಟಿನ ಮುಂದೆ, ಕಾಲಿಡುವ ಜಾಗದಿಂದ. ಕಾರು ಜಾರಿ, ಅಡ್ಡಡ್ಡ ತಿರುಗಿ, ಎಂಜಿನ್ ಬಂದ್ ಆಗಿ ನಿಂತಿತು. ಮೊಬೈಲಿನ ಬೆಳಕು ದೇಸಾಯರ ಕಾಲ ಬಳಿ ಹಾಯಿಸಿದೆ. ಅವರು ಎರಡೂ ಕಾಲು ಸೀಟಿನತ್ತ ಎಳೆದುಕೊಂಡಿದ್ದರು. ಬ್ರೇಕ್ ಪೆಡಲ್ ಮಾತ್ರ ತಳದವರೆಗೆ ಒತ್ತಿಕೊಂಡೇ ಇತ್ತು.

"ನನ್ನ ಕಾಲಲ್ರಿ ಅದು..." ಪಿಸುಗುಟ್ಟಿದರು. "ನನ್ನ ಕಾಲು ಇಲ್ಲಿ ಅದಾವ್ರಿ..."

ಇಳಿದು ಓಡಬೇಕೆನಿಸಿತು. ಕತ್ತಲಲ್ಲೇ ಕಾಲು ಕೆಳಗೆ ಚಾಚಿದೆ. ನನ್ನ ಅಂಗಾಲಿಗೆ ತಾಗಿದ್ದು ಮ್ಯಾಟ್ ಅಲ್ಲ. ಒರಟು ಚರ್ಮ, ತಣ್ಣಗಿತ್ತು... ಒಂದು ಪಾದ.

ಕಿರುಚಿ ಕಾಲೆತ್ತಿಕೊಂಡೆ. ಬೆಳಕು ಬಿಟ್ಟು ನೋಡಿದರೆ ಏನೂ ಇಲ್ಲ. ಅವರ ಬದಿಯ ಪೆಡಲ್ ನಿಧಾನವಾಗಿ ಮೇಲೆದ್ದಿತು.

ದೇಸಾಯರು ನನ್ನ ಬದಿಯ ಮ್ಯಾಟ್ ಎತ್ತಿದರು. ತಗಡಿನಲ್ಲಿ ರಬ್ಬರ್ ಬಿರಡೆ ಹಾಕಿ ಮುಚ್ಚಿದ ಎರಡು ತೂತುಗಳಿದ್ದವು. "ಡ್ರೈವಿಂಗ್ ಸ್ಕೂಲಿನ ಗಾಡಿ ಇತ್ತಿದು" ಎಂದರು ಮೆಲ್ಲಗೆ. "ಕಲಸೋ ಮಾಸ್ತರ ಕೂಡೂ ಕಡೆ ಒಂದು ಬ್ರೇಕ್ ಇರ್ತದ. ಅದನ್ನ ಕಿತ್ತಾರ್ರಿ."

ಮಾರಿದವನು ಇದನ್ನು ಹೇಳಿರಲೇ ಇಲ್ಲ.

ಉಪಾಯವಿಲ್ಲದೆ ನಾನೇ ಓಡಿಸಿದೆ. ನಿಫಾಡ್ ಬರುತ್ತಲೇ ದೇಸಾಯರು "ನಾ ಬಸ್ಸಿಗೆ ಬರ್ತೀನ್ರಿ" ಎಂದು ಇಳಿದುಬಿಟ್ಟರು. ನನ್ನನ್ನು ಆ ಕಾರಿನಲ್ಲಿ ಒಬ್ಬಳನ್ನೇ ಬಿಟ್ಟು! ಅಂದು ಭಯಕ್ಕಿಂತ ಸಿಟ್ಟೇ ನನ್ನನ್ನು ಮನೆ ಮುಟ್ಟಿಸಿತು. ತಂಬಾಕಿನ ವಾಸನೆ ನಾಶಿಕದವರೆಗೂ ಬಂತು. ನಾನು ಎಡಕ್ಕೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಬೆಳಿಗ್ಗೆ ಗುಂಪಿನಲ್ಲಿ ದೇಸಾಯರ ಬರಹ: "ಮೇಡಂ ಅವರ ಕಾರನ್ನು ಖುದ್ದು ಓಡಿಸಿ ನೋಡಿದೆ. ಯಾವ ದೋಷವೂ ಇಲ್ಲ. ಅಭ್ಯಾಸ ಸಾಲದು." ಅದಕ್ಕೆ ಸಾಲುಸಾಲು ಹೆಬ್ಬೆರಳು.

ಫೋನ್ ಮಾಡಿದೆ. "ಸುಳ್ಳು ಯಾಕ ಬರದ್ರಿ?"

"ಮೇಡಂ... ನಾಕು ಮಂದಿ ಮುಂದ ಅದನ್ನ ಹೆಂಗ ಹೇಳ್ಲಿ ನಾ?"

"ನನ್ನ ಮಾನ ಹೋದ್ರ ನಡೀತದೇನ್ರಿ?"

ಫೋನ್ ಕಟ್ಟಾಯಿತು. ನಾನು ಗುಂಪು ಬಿಟ್ಟೆ. ಕಾರು ಮಾರಿದವನ ನಂಬರು ಆಗಲೇ ಬಂದ್ ಆಗಿತ್ತು.

ಕಾರು ಮಾರಲು ನೋಡಿದೆ. ಒಬ್ಬರು ಕೇಳಿಕೊಂಡು ಬಂದಿದ್ದರು, ಮಗಳು ಡ್ರೈವಿಂಗ್ ಕಲಿಯಬೇಕಂತೆ. ಆ ಹುಡುಗಿಯ ಮುಖ ನೋಡಿ ಕೊಡುವುದಿಲ್ಲ ಎಂದೆ. ಹಾಗೆ ಅದು ಕೆಳಗೆ ಪಾರ್ಕಿಂಗಿನಲ್ಲೇ ನಿಂತಿದೆ. ಕೀಲಿ ನನ್ನ ಕಪಾಟಿನಲ್ಲಿದೆ.

ಹೋದ ವಾರ ವಾಚ್‌ಮನ್ ತಡೆದು ನಿಲ್ಲಿಸಿದ. "ಮ್ಯಾಡಮ್, ನಿಮ್ಮ ಗಾಡಿಯ ಹಿಂದಿನ ಕೆಂಪು ದೀಪ ರಾತ್ರಿ ಆಗಾಗ ಹತ್ತಿ ಆರುತ್ತದೆ. ಒಳಗೆ ಯಾರಾದರೂ ಕೂತಿರುತ್ತಾರಾ?"

ಅದು ಬ್ರೇಕ್ ಒತ್ತಿದಾಗ ಮಾತ್ರ ಹತ್ತುವ ದೀಪ.

ಮೆಕ್ಯಾನಿಕ್‌ನನ್ನು ಕರೆಸಿ ಅಂದೇ ಬ್ಯಾಟರಿ ಕಳಚಿಸಿದೆ. ಅದೀಗ ನನ್ನ ಬಾಲ್ಕನಿಯಲ್ಲಿದೆ. ಮರುದಿನ ವಾಚ್‌ಮನ್ ನನ್ನನ್ನು ಕಂಡು ಏನೋ ಹೇಳಲು ಬಾಯಿ ತೆರೆದ... ನಾನು ಕೇಳಿಸಿಕೊಳ್ಳದೆ ಲಿಫ್ಟಿನೊಳಗೆ ಹೋಗಿಬಿಟ್ಟೆ.