ಅಮ್ಮನ ಚೆಕ್ಕು ಬ್ಯಾಂಕಿನ ಬೀರುವಿನಲ್ಲೇ ಇತ್ತು

"ಅಮ್ಮಾ, ನಿಮ್ಮ ಯಜಮಾನ್ರು ಫ್ಯಾಕ್ಟರೀಲಿದ್ರಾ?"

ಕೌಂಟರಿಗೆ ಹೊಸದಾಗಿ ಬಂದಿದ್ದ ಗುಮಾಸ್ತರು ಅಮ್ಮನ ಪಾಸ್‌ಬುಕ್ಕಿನಲ್ಲಿದ್ದ ಹೆಸರನ್ನು ಎರಡು ಸಲ ಓದಿ ಹೀಗೆ ಕೇಳಿದರು. ಅಮ್ಮ ಹೌದೆಂದಳು.

ಎಪ್ಪತ್ತರ ದಶಕ. ರಾಜಾಜಿನಗರದ ಒಂದು ಬ್ಯಾಂಕು. ನಾನಾಗ ಪಿಯುಸಿ ಹುಡುಗಿ.

ಅವರು ಬೀರುವಿನಿಂದ ಒಂದು ಲಕೋಟೆ ತಂದರು. ಒಳಗೆ ಅಮ್ಮನ ಹೆಸರಿನ ಬ್ಯಾಂಕರ್ಸ್ ಚೆಕ್... ಅಪ್ಪ ತೀರಿಕೊಂಡಾಗ ಫ್ಯಾಕ್ಟರಿಯವರು ಅವನ ಸರ್ವೀಸಿನ ಹಣವನ್ನೆಲ್ಲ ಇದೇ ಬ್ಯಾಂಕಿಗೆ ಕಟ್ಟಿ ಮಾಡಿಸಿದ್ದು.

ಮೂರು ವರ್ಷದಿಂದ ಅದು ಅಲ್ಲೇ ಬಿದ್ದಿತ್ತು.

ಅಪ್ಪ ಹೋದ ಮೇಲೆ ಕುರುಬರಹಳ್ಳಿಯ ಮನೆಯನ್ನು ಚಿಕ್ಕಪ್ಪನಿಗೆ ಬಿಟ್ಟು ನಾವು ಹೊಸಹಳ್ಳಿಯ ಒಂಟಿ ರೂಮಿಗೆ ಬಂದಿದ್ದೆವು. ಹಣ ಕೇಳಿದಾಗೆಲ್ಲ ಫ್ಯಾಕ್ಟರಿಯವರದು ಒಂದೇ ಉತ್ತರ. ಹಳೇ ಅಡ್ರೆಸ್ಸಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಹೋಗಿದೆ, ನಮಗಂತೂ ವಾಪಸ್ ಬಂದಿಲ್ಲ.

ಹಳೇ ಅಡ್ರೆಸ್ ಅಂದರೆ ಚಿಕ್ಕಪ್ಪ.

"ಪೋಸ್ಟ್‌ಮ್ಯಾನ್ ಬಂದಿದ್ದ ಅತ್ತಿಗೆ. ನೀವು ಇಲ್ಲಿಲ್ಲ ಅಂತ ಹೇಳಿ ಕಳಿಸ್ದೆ. ನಾನು ಮುಟ್ಲೂ ಇಲ್ಲ," ಎಂದು ಅವನು ಎಷ್ಟೋ ಸಲ ಹೇಳಿದ.

ಅಮ್ಮ ನಂಬಲಿಲ್ಲ. ನೆಂಟರೂ ನಂಬಲಿಲ್ಲ. ವಿಧವೆಯ ದುಡ್ಡು ನುಂಗಿದವನು ಎಂದು ಮದುವೆಮನೆಗಳಲ್ಲಿ ಅವನ ಪಕ್ಕ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

ಚೆಕ್ಕು ಸಿಗುವುದಕ್ಕೆ ಕೆಲವೇ ತಿಂಗಳ ಮೊದಲು, ಆ ವರ್ಷದ ಬೇಸಿಗೆಯಲ್ಲಿ, ಚಿಕ್ಕಪ್ಪ ಹಾರ್ಟ್ ಅಟ್ಯಾಕ್ ಆಗಿ ಹೋದ. ಅಮ್ಮ ಮುಖ ನೋಡಲೂ ಹೋಗಲಿಲ್ಲ.

ಈಗ ನೋಡಿದರೆ ಪೋಸ್ಟು ವಾಪಸ್ ಬಂದದ್ದು ಬ್ಯಾಂಕಿಗೆ! ಅವರೇ ಕಳಿಸಿದ್ದರು, ಅವರಿಗೇ ಬಂತು, ಬೀರುವಿಗೆ ಹಾಕಿ ಸುಮ್ಮನಾದರು.

ಮ್ಯಾನೇಜರ್ ನಮಗೆ ಕೂರಲೂ ಹೇಳಲಿಲ್ಲ. "ಇದು ಅನ್‌ಕ್ಲೈಮ್ಡ್ ಕಣಮ್ಮ. ನೀವು ಬಂದು ಕೇಳ್ಬೇಕಿತ್ತು."

"ಇಲ್ಲಿದೆ ಅಂತ ಗೊತ್ತಿದ್ರೆ ತಾನೇ ಸಾರ್ ಕೇಳೋದು? ಪ್ರತಿ ತಿಂಗ್ಳು ಇಲ್ಲಿಗೇ ಬರ್ತೀನಿ. ಪಾಸ್‌ಬುಕ್ಕಲ್ಲಿ ಹೊಸ ಅಡ್ರೆಸ್ ಇದೆ."

"ಸೇವಿಂಗ್ಸ್ ಸೆಕ್ಷನ್ ಬೇರೆ, ಇದು ಬೇರೆ."

ಚೆಕ್ಕಿನ ವಾಯಿದೆ ಮುಗಿದಿದೆಯಂತೆ. ಫ್ಯಾಕ್ಟರಿಯಿಂದ ಪತ್ರ ತರಬೇಕಂತೆ, ಬಾಂಡ್ ಬರೆದುಕೊಡಬೇಕಂತೆ. ತಪ್ಪು ಅವರದು, ಓಡಾಟ ನಮ್ಮದು.

"ಇಷ್ಟು ದಿನದ ಬಡ್ಡಿ?" ಎಂದು ನಾನು ಕೇಳಿದೆ.

"ಬಡ್ಡಿ ಇಲ್ಲ. ದುಡ್ಡು ಸೇಫಾಗಿತ್ತಲ್ಲ, ಖುಷಿಪಡಿ," ಎಂದ ಮಹಾನುಭಾವ.

ಅಲೆದೂ ಅಲೆದೂ ಕೊನೆಗೆ ಹಣ ಬಂತು. ಅಮ್ಮ ಆವತ್ತೇ ನನ್ನನ್ನು ಕರೆದುಕೊಂಡು ಕುರುಬರಹಳ್ಳಿಗೆ ಹೋದಳು. ಚಿಕ್ಕಮ್ಮ ಕುಡಿಯಲು ನೀರು ಕೊಟ್ಟು, ಅಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಅವ್ರು ಇದ್ದಾಗ ಬರ್ಬೇಕಿತ್ತು ಅಕ್ಕ," ಎಂದರು. ಅಷ್ಟೇ.

ಅಮ್ಮ ನೀರಿನ ಲೋಟ ಕೆಳಗಿಟ್ಟು ಎದ್ದಳು. ಆಮೇಲೆ ಬದುಕಿರುವವರೆಗೂ ಆ ಮನೆಯ ಮಾತು ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ನನಗೀಗ ಮೊಮ್ಮಕ್ಕಳಿದ್ದಾರೆ. ಆ ಮ್ಯಾನೇಜರ್ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ... ಇಳಿಯಬೇಕಾ, ನೀವೇ ಹೇಳಿ?